ಹಿಂದೆ ಬಿದ್ದ ಕೋಳಿಮರಿಯನ್ನು ಕಿರಿಯರ ಗುಂಪಿಗೆ ಬಿಟ್ಟು ಬೆಳೆಸಿದೆ: ನನ್ನ ಅನುಭವ

ನಾಟಿ ಇರಲಿ, ಗಿರಿರಾಜ ತಳಿ ಇರಲಿ, ನೂರು ಮರಿ ಬಿಟ್ಟರೆ ಎಂಟು ಹತ್ತು ಹಿಂದೆ ಬೀಳುತ್ತವೆ. ಸಾಕಿದವರಿಗೆಲ್ಲ ಗೊತ್ತಿರುವ ಮಾತು. ಹತ್ತನೇ ದಿನಕ್ಕೆ ಗಿರಿರಾಜದ ಉಳಿದ ಮರಿಗಳು ನೂರು ಗ್ರಾಂ ಆಸುಪಾಸಿಗೆ ಬಂದಿದ್ದರೆ ಇವು 55–60ರಲ್ಲೇ ನಿಂತಿರುತ್ತವೆ. ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ, ಬಲ್ಬಿನ ಬುಡ ಬಿಟ್ಟು ಕದಲುವುದಿಲ್ಲ. ನಮ್ಮತ್ತೆ ಇವನ್ನು ಕುಂತ ಮರಿ ಅನ್ನುತ್ತಾರೆ. "ಕುಂತ ಮರಿ ಎದ್ದು ಬೆಳದದ್ದು ನಾ ನೋಡಿಲ್ಲ ಬಿಡವಾ" ಎಂದು ಪ್ರತಿ ತಂಡಕ್ಕೂ ಹೇಳುತ್ತಿದ್ದರು. ಬ್ರಾಯ್ಲರ್ ಶೆಡ್ ನಡೆಸುವ ಮೈದುನನದು ಇನ್ನೂ ನೇರ ಮಾತು: "ಕುತ್ತಿಗಿ ತಿರುವಿ ಒಗೀರಿ ಅತ್ತಿಗಿ, ಸುಮ್ನ ಫೀಡ್ ದಂಡ." ಆರು ವಾರಕ್ಕೆ ಲೋಡ್ ಮಾಡುವವರಿಗೆ ಅದು ಸರಿಯೇ. ಕೊಪ್ಪಳ ಜಿಲ್ಲೆಯ ಕಾರಟಗಿ ಸೀಮೆಯಲ್ಲಿ ನಮ್ಮಂತೆ ಐದಾರು ತಿಂಗಳು ಸಾಕಿ ಸಂತೆಗೆ ಒಯ್ಯುವವರ ಲೆಕ್ಕ ಬೇರೆ. ಮೂರು ವಾರ ತಡವಾದರೂ ನಮಗೆ ಕೋಳಿ ಕೋಳಿಯೇ. ಹೋದ ಚಳಿಗಾಲದಿಂದ ಈಚೆಗೆ ನನ್ನ ಕುಂತ ಮರಿಗಳಲ್ಲಿ ಮುಕ್ಕಾಲು ಪಾಲು ಎದ್ದು ಬೆಳೆದಿವೆ. ಅತ್ತೆಯೂ ನೋಡಿದ್ದಾರೆ, ಮೈದುನನೂ ನೋಡಿದ್ದಾನೆ.

ಮೊದಲು ದುಡ್ಡು ಎಲ್ಲಿ ಸೋರಿತು ಹೇಳುತ್ತೇನೆ. ಎರಡು ವರ್ಷ ಟಾನಿಕ್‌ಗೇ ಸುರಿದೆವು. ಲಿವರ್ ಟಾನಿಕ್, ಮಲ್ಟಿವಿಟಮಿನ್, ಅಂಗಡಿಯವರು ಪೊಟ್ಟಣ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ, ಎಲ್ಲ ಸೇರಿ ತಂಡಕ್ಕೆ ಆರೇಳು ನೂರು ರೂಪಾಯಿ. ಆದರೆ ಡ್ರಿಂಕರ್‌ಗೆ ಬೆರೆಸಿದ ಟಾನಿಕ್ ಕುಡಿಯುವವು ಯಾವುವು? ದೊಡ್ಡವೇ. ಅವು ಇನ್ನಷ್ಟು ದಪ್ಪಗಾದವು, ಚಿಕ್ಕದು ಇದ್ದಲ್ಲೇ ಇತ್ತು. ಸಿರಿಂಜಿನಲ್ಲಿ ಬಾಯಿಗೆ ಬಿಡುವುದನ್ನೂ ನೋಡಿದ್ದಾಯಿತು. ಕೋಳಿಗೆ ಉಸಿರು ನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಒಂದು ಹನಿ ದಾರಿ ತಪ್ಪಿದರೆ ಮರಿ ಕೈಯಲ್ಲೇ ಹೋಗುತ್ತದೆ. ಮೂರೋ ನಾಲ್ಕೋ ಹಾಗೆ ಹೋದವು. ಕುಡಿಸಲೇಬೇಕಾದರೆ ಕೊಕ್ಕಿನ ಪಕ್ಕಕ್ಕೆ ಬೆರಳಿನಿಂದ ಹನಿ ತಾಗಿಸಿ, ಅದೇ ನುಂಗಲಿ.

ಆಮೇಲೆ ಒಂಟಿಯಾಗಿ ರಟ್ಟಿನ ಡಬ್ಬಿಯಲ್ಲಿಟ್ಟು ಅಡುಗೆಮನೆಯಲ್ಲಿ ಸಾಕುವ ಪದ್ಧತಿ. ಬಹಳ ಜನ ಇದನ್ನೇ ಹೇಳುತ್ತಾರೆ, ನನಗೆ ಇದರಿಂದಲೇ ಹೆಚ್ಚು ಮರಿ ಹೋಗಿವೆ. ಒಂಟಿ ಮರಿ ದಿನವಿಡೀ ಕೂಗುತ್ತದೆ, ಕೂಗುವ ಮರಿ ತಿನ್ನುವುದಿಲ್ಲ. ಪಕ್ಕದ ಮರಿ ಕುಕ್ಕುವುದನ್ನು ನೋಡಿ ಕುಕ್ಕುವ ಜಾತಿ ಇದು. ಎದುರಿಗೆ ಕನ್ನಡಿ ಇಟ್ಟೆ. ಒಂದು ದಿನ ಸುಮ್ಮನಾಯಿತು, ತಿಂದಿತು ಕೂಡ, ಮರುದಿನದಿಂದ ಮತ್ತೆ ಅದೇ ಕೂಗು. ಕಾವು ಬಿಟ್ಟೆದ್ದ ಹ್ಯಾಟೆಯ (ಹೆಣ್ಣು ಕೋಳಿಯ) ಹೊಟ್ಟೆಯಡಿಗೆ ರಾತ್ರಿ ಮೆಲ್ಲಗೆ ತಳ್ಳಿಯೂ ನೋಡಿದೆ. ಎರಡು ಮೂರು ದಿನದ ಮರಿಯಾದರೆ ಒಪ್ಪುತ್ತದೆ. ಹತ್ತು ದಿನದ್ದನ್ನು ಬೆಳಿಗ್ಗೆ ನೆತ್ತಿಗೆ ಕುಕ್ಕಿ ಓಡಿಸುತ್ತದೆ.

ದೀಪಾವಳಿಯ ಮುಂದೆ ಎರಡು ತಂಡ ಹತ್ತು ದಿನದ ಅಂತರದಲ್ಲಿ ಬಂದವು. ಹಳೆ ತಂಡದ ಕುಂತ ಮರಿಗಳು ಸೀದಾ ಹೊಸ ಮರಿಗಳ ಸುತ್ತ ಕಟ್ಟಿದ ಬೇಲಿ, ಅಂದರೆ ಗಾರ್ಡ್‌ನೊಳಗೆ ಹೋದವು. ವಾರದೊಳಗೆ ಅವು ಓಡಾಡತೊಡಗಿದವು.

ಯಾಕೆಂದು ನೋಡಿದರೆ ಎರಡೇ ಸಂಗತಿ. ಹೊಸ ಗುಂಪಿನಲ್ಲಿ ಕುಂತ ಮರಿಯನ್ನು ತುಳಿದು ದಾಟುವವರಿಲ್ಲ. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಅನುಭವ ಹತ್ತು ದಿನ ಹೆಚ್ಚು. ಫೀಡರ್ ಎಲ್ಲಿ, ನೀರು ಎಲ್ಲಿ ಅಂತ ಅದಕ್ಕೆ ಮೊದಲೇ ಗೊತ್ತು. ಮೊದಲು ಹೋಗಿ ಕುಕ್ಕುತ್ತದೆ, ಹೊಸ ಮರಿಗಳು ಅದರ ಹಿಂದೆ ಬಂದು ಕಲಿಯುತ್ತವೆ. ಎರಡನೆಯದು ಶಾಖ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತೇವಲ್ಲ, ಅದು ಸರಿಯಾಗಿ ಬೆಳೆದ ಮರಿಯ ಲೆಕ್ಕ. ಅರ್ಧ ತೂಕದ ಮರಿಗೆ ಪುಕ್ಕವೂ ಅರ್ಧ, ತಿಂದದ್ದೆಲ್ಲ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಕಿರಿಯರ ಜೊತೆ ಬಿಟ್ಟರೆ ಮೊದಲ ವಾರದ ಶಾಖ ಅದಕ್ಕೆ ಇನ್ನೊಂದು ಸಲ ಸಿಗುತ್ತದೆ, ಬೇರೆ ಬಲ್ಬು ಬೇಕಿಲ್ಲ. ರಾತ್ರಿ ಕರೆಂಟ್ ಹೋದರೆ ಐದು ಲೀಟರ್ ಕ್ಯಾನಿಗೆ ಬಿಸಿನೀರು ತುಂಬಿ ಗೋಣಿ ಸುತ್ತಿ ನಡುವೆ ಇಡುತ್ತೇನೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಡಿಗೆ ಮಾತ್ರ ಬೇಡ, ಹೊಗೆ ಕಾಣದಿದ್ದರೂ ಮರಿ ಸಾಯುತ್ತವೆ.

ಆದರೆ ಸಿಕ್ಕಿದ್ದನ್ನೆಲ್ಲ ಎತ್ತಿ ಬಿಡುವ ಹಾಗಿಲ್ಲ. ದೊಡ್ಡ ಗುಂಪಿನಿಂದ ರಕ್ತಭೇದಿಯ ಕಾಕ್ಸಿ (ಕಾಕ್ಸಿಡಿಯೋಸಿಸ್ ರೋಗ) ಚಿಕ್ಕವಕ್ಕೆ ಅಂಟಿದರೆ ಇಡೀ ತಂಡಕ್ಕೇ ಕುತ್ತು. ಕುಂತ ಮರಿಗಳನ್ನೆಲ್ಲ ಒಟ್ಟಿಗೆ ಮೂರ್ನಾಲ್ಕು ದಿನ ಹೊಸ ಗೋಣಿಯ ಮೇಲೆ ಬೇರೆ ಇಟ್ಟು ಹಿಕ್ಕೆ ನೋಡುತ್ತೇನೆ. ರಕ್ತದ ಬಣ್ಣ ಕಂಡರೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ, ಗುಂಪು ಬದಲಿಸುವ ಮಾತೇ ಇಲ್ಲ. ಆಂಪ್ರೋಲಿಯಂ ನಡೆಯುವಾಗ ಬಿ ಕಾಂಪ್ಲೆಕ್ಸ್ ಕೊಡಬೇಡಿ. ಆ ಔಷಧ ರೋಗದ ಜೀವಿಗೆ ಬಿ1 ಸಿಗದಂತೆ ಮಾಡಿಯೇ ಕೊಲ್ಲುವುದು, ನೀವು ಬಿ1 ಹಾಕಿದರೆ ಎರಡರ ದುಡ್ಡೂ ನೀರಿಗೆ. ನಮ್ಮ ಕಡೆ ಎರಡನ್ನೂ ಒಂದೇ ಕವರಿನಲ್ಲಿ ಕಟ್ಟಿಕೊಡುವವರಿದ್ದಾರೆ.

ಹಿಕ್ಕೆ ನೀರಾಗಿ, ಕಿತ್ತಳೆ ಕಂದು ಬಣ್ಣದ ನೊರೆ ಬಂದು, ರೆಕ್ಕೆಯ ಪುಕ್ಕ ಮಾತ್ರ ಅಡ್ಡಾದಿಡ್ಡಿ ಚಾಚಿಕೊಂಡ ಮರಿ ಇದ್ದರೆ ಅದು ಕರುಳಿನ ರೋಗ, ತಿಂದರೂ ಮೈಗೆ ಹತ್ತುವುದಿಲ್ಲ. ಅಂಥವನ್ನು ನಾನೂ ಉಳಿಸಿಕೊಳ್ಳುವುದಿಲ್ಲ. ಬೆರಳು ಒಳಕ್ಕೆ ಮುದುರಿಕೊಂಡಿದ್ದರೆ ಹೆದರಬೇಡಿ. ಬರೀ ನುಚ್ಚು ತಿಂದು ಬೆಳೆದ ಮರಿಗೆ ಬಿ2 ಕಡಿಮೆಯಾಗಿ ಹೀಗಾಗುತ್ತದೆ, ಬೇಗ ಹಿಡಿದರೆ ಮೊಸರು, ಬೆಂದ ಮೊಟ್ಟೆ, ಮರಿಗಳ ಮೇವಾದ ಒಳ್ಳೆ ಸ್ಟಾರ್ಟರ್‌ನಲ್ಲಿ ಸುಧಾರಿಸುತ್ತದೆ. ಇನ್ನು ಕೆಲವು ಹಿಂದೆ ಬಿದ್ದವೇ ಅಲ್ಲ. ಮೊದಲ ಸಲ ಇಡುವ ಹ್ಯಾಟೆಯ ಚಿಕ್ಕ ಮೊಟ್ಟೆಯಿಂದ ಬಂದದ್ದು ಚಿಕ್ಕದೇ, ಮೊಟ್ಟೆ ತೂಕದ ಮೂರರಲ್ಲಿ ಎರಡು ಪಾಲು ಮರಿ ತೂಕ. 40 ಗ್ರಾಂ ನಾಟಿ ಮೊಟ್ಟೆಯ ಮರಿ 27ರ ಆಸುಪಾಸು, ಅದು ಚುರುಕಾಗಿದ್ದರೆ ಮುಟ್ಟಬೇಡಿ. ಐದಾರು ವಾರದಲ್ಲಿ ಹುಂಜಗಳ ನಡುವೆ ಸಣ್ಣಗೆ ಕಾಣುವ ಹ್ಯಾಟೆಯೂ ಹಾಗೇ.

ಗುಂಪಿಗೆ ಬಿಡುವ ಮುನ್ನ ಕಾಲಿಗೆ ಬಣ್ಣದ ಉಣ್ಣೆ ದಾರ ಕಟ್ಟುತ್ತೇನೆ, ವಾರಕ್ಕೊಮ್ಮೆ ಬಿಚ್ಚಿ ಸಡಿಲ ಮಾಡಬೇಕು, ಇಲ್ಲದಿದ್ದರೆ ಬೆಳೆಯುವ ಕಾಲಿಗೆ ಕೊರೆಯುತ್ತದೆ. ದಾರ ಯಾಕೆಂದರೆ ಲಸಿಕೆಗೆ. ರಾಣಿಖೇತ್ ರೋಗಕ್ಕೆ ಲಾಸೋಟ ಐದರಿಂದ ಏಳನೇ ದಿನ, ಗುಂಬೋರೊ ರೋಗದ್ದು ಎರಡನೇ ವಾರ. ಕುಂತ ಮರಿಯ ತಾರೀಖು ಬೇರೆ, ಹೊಸ ತಂಡದ ತಾರೀಖು ಬೇರೆ. ಗುರುತಿಲ್ಲದಿದ್ದರೆ ಯಾವುದಾದರೂ ಒಂದು ತಪ್ಪುತ್ತದೆ. ಬಿಡುವುದು ರಾತ್ರಿ, ಬಲ್ಬನ್ನು ಸ್ವಲ್ಪ ಹೊತ್ತು ಮಂಕು ಮಾಡಿ. ಒಂದನ್ನೇ ಬಿಡುವುದಿಲ್ಲ, ಎರಡು ಮೂರು ಒಟ್ಟಿಗೆ.

ಮೇವಿಗೆ ಸ್ಟಾರ್ಟರನ್ನು ರವೆ ಸಾಣಿಗೆಯಲ್ಲಿ ಹಿಡಿದು ಸಣ್ಣದನ್ನು ಇವಕ್ಕೆ ಹಾಕುತ್ತೇನೆ. ದಿನಕ್ಕೆ ಐದಾರು ಸಲ, ಒಂದೊಂದು ಹಿಡಿ. ಬೆಳಿಗ್ಗೆ ಬೆಂದ ಮೊಟ್ಟೆಯ ಹಳದಿ ಮೊಸರಿನಲ್ಲಿ ಕಲಸಿ, ಹತ್ತು ಮರಿಗೆ ಒಂದು ಮೊಟ್ಟೆ. ನಮ್ಮ ಬಿಸಿಲಿಗೆ ಕಲಸಿದ್ದು ಒಂದು ತಾಸಿನಲ್ಲಿ ಹುಳಿಯುತ್ತದೆ, ಉಳಿದದ್ದನ್ನು ತೆಗೆದುಬಿಡಿ. ಮೊದಲ ಮೂರು ದಿನ ನೀರಿಗೆ ಚೂರು ಬೆಲ್ಲ ಹಾಕುತ್ತೇನೆ, ಅದರ ಜೊತೆ ಇನ್ನೊಂದು ಸೊಪ್ಪಿನ ರಸವನ್ನೂ. ಯಾವ ಸೊಪ್ಪು, ಎಷ್ಟು ಎಂಬುದನ್ನು ಈಗ ಬರೆಯುವುದಿಲ್ಲ, ಇನ್ನೂ ಒಂದೆರಡು ತಂಡದ ಮೇಲೆ ನನಗೆ ಖಾತ್ರಿಯಾಗಬೇಕು.

ಸಂಜೆ ಬಲ್ಬು ಹಾಕುವಾಗ ಪ್ರತಿ ದಾರದ ಮರಿಯ ಎದೆಯ ಮೇಲಿನ ಕಾಳಿನ ಚೀಲ ಮುಟ್ಟಿ ನೋಡಿ. ತುಂಬಿ ಮೆತ್ತಗಿರಬೇಕು. ಖಾಲಿ ಇದ್ದರೆ ಅದಕ್ಕೆ ತಿನ್ನಲು ಸಿಕ್ಕಿಲ್ಲ. ಬೆಳಿಗ್ಗೆಯೂ ಗಟ್ಟಿಯಾಗೇ ಇದ್ದರೆ ಒಳಗೆ ಕಟ್ಟಿದೆ. ಹಿಂದುಗಡೆ ಹಿಕ್ಕೆ ಅಂಟಿ ಮುಚ್ಚಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ, ಒಣದಾಗಿ ಕೀಳಬೇಡಿ. ದಿನ ಬಿಟ್ಟು ದಿನ ತೂಕ ಮಾಡುತ್ತೇನೆ, ಅಡುಗೆಮನೆ ತೂಕದ ಯಂತ್ರ ಸಾಕು. ಎರಡು ದಿನಕ್ಕೆ ಎಂಟು ಹತ್ತು ಗ್ರಾಂ ಏರಿದರೆ ಅದು ನಮ್ಮದು. ಒಂದು ವಾರ ಏನೂ ಏರದಿದ್ದರೆ ಅದು ಉಳಿಯುವುದಿಲ್ಲ.

ನಡುವೆ ಗೆದ್ದಲಿನ ಪ್ರಯೋಗವನ್ನೂ ಹೇಳಬೇಕು. ಗಡಿಗೆಗೆ ಹಸಿ ಸೆಗಣಿ, ಹುಲ್ಲು ತುಂಬಿ ಹುತ್ತದ ಪಕ್ಕ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ತುಂಬಿರುತ್ತದೆ. ಮರಿಗಳು ಮುಗಿಬೀಳುತ್ತವೆ, ತೂಕವೂ ಚೆನ್ನಾಗಿ ಏರುತ್ತದೆ. ಆದರೆ ಕಾಲುವೆ ನೀರು ಬಿಟ್ಟ ಮೇಲೆ ನಮ್ಮ ಗದ್ದೆ ಸೀಮೆಯಲ್ಲಿ ಹುತ್ತ ಹುಡುಕುವುದೇ ಒಂದು ಕೆಲಸ. ನೀರಿನ ಮೇಲೆ ಬೆಳೆಸುವ ಅಜೋಲ ಸೊಪ್ಪು ಚಿಕ್ಕ ಮರಿಗೆ ಬೇಡ, ಬರೀ ನೀರು ತುಂಬಿಕೊಂಡು ಹೊಟ್ಟೆ ಮುಚ್ಚುತ್ತದೆ. ಇಲ್ಲಿ ಮಿಲ್ಲು ಹತ್ತಿರ ಇರುವುದರಿಂದ ನೆಲ್ಲಿನ ಹೊಟ್ಟು, ತೌಡು ಎರಡೂ ಅಗ್ಗ. ತೌಡು ಆ ವಾರದ್ದೇ ಇರಲಿ, ಎಣ್ಣೆ ಅಂಶಕ್ಕೆ ಬೇಗ ಕಮಟು ಹಿಡಿಯುತ್ತದೆ. ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಾಸನೆ ಬಂದರೂ ಮರಿಯ ಹತ್ತಿರ ಸುಳಿಸಬೇಡಿ. ಏಪ್ರಿಲ್, ಮೇ ತಿಂಗಳ 42 ಡಿಗ್ರಿಯಲ್ಲಿ ಬಲ್ಬು ರಾತ್ರಿಗೆ ಮಾತ್ರ.

ಖರ್ಚು: ಮರಿ ಮೂವತ್ತು ಚಿಲ್ಲರೆ ರೂಪಾಯಿಗೆ ಬಿದ್ದದ್ದು, ಮೇಲೆ ಮೊಟ್ಟೆ, ಮೊಸರು, ಕರೆಂಟು ಸೇರಿ ಒಂದಕ್ಕೆ ಹದಿನೈದಿಪ್ಪತ್ತು. ಐದೂವರೆ ತಿಂಗಳಿಗೆ ಹುಂಜ ಒಂದೂವರೆ ಕೆ.ಜಿ. ದಾಟಿತು, ಅದರ ಓರಗೆಯವು ಇನ್ನೂರು ಗ್ರಾಂ ಹೆಚ್ಚಿದ್ದವು, ಅಷ್ಟೇ. ಹುಲಿಗಿ ಜಾತ್ರೆ ಹೊತ್ತಿಗೆ ಒಂದೊಂದು ಐನೂರರ ಮೇಲೆ ಹೋಯಿತು. ಮೇವು ಕಳೆದು ಮರಿಗೆ ಇನ್ನೂರೈವತ್ತು ಉಳಿದಿರಬೇಕು. ಮೊದಲು ಇವೇ ಮರಿಗಳು ಗುಂಡಿಗೆ ಹೋಗುತ್ತಿದ್ದವು.

ಹ್ಯಾಟೆಗಳನ್ನು ಮಾರಿಲ್ಲ, ಈಗ ಮೊಟ್ಟೆ ಇಡುತ್ತಿವೆ. ಆ ಮೊಟ್ಟೆಯನ್ನು ಮಾತ್ರ ಕಾವಿಗೆ ಇಡುವುದಿಲ್ಲ, ತಿನ್ನಲಿಕ್ಕೆ ಮಾರುತ್ತೇನೆ. ಹಿಂದೆ ಬಿದ್ದದ್ದು ಮೇವಿನಿಂದಲೋ ರಕ್ತದಿಂದಲೋ ಹೊರಗಿನಿಂದ ಹೇಳಲಾಗುವುದಿಲ್ಲ. ಮರಿ ಮಾಡಲು ಮೊದಲಿಂದ ಮುಂದಿದ್ದ ಹ್ಯಾಟೆಯ ಮೊಟ್ಟೆಯನ್ನೇ ಆರಿಸುತ್ತೇನೆ.