ಪ್ರೊಪೆಲರ್‌ಗೆ ಸೀರೆ ಸುತ್ತಿಕೊಂಡರೆ ಏನು ಮಾಡಬೇಕು?

ಲಂಡನ್ನಿನ ಸೌತಾಲ್ ಹತ್ತಿರ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ದೋಣಿ ಓಡಿಸಿದವರಿಗೆ ತೇಲುವ ತೆಂಗಿನಕಾಯಿ ಹೊಸದಲ್ಲ. ಊರಲ್ಲಿ ಹೊಳೆಗೆ ಬಿಡುತ್ತಿದ್ದವರು ಇಲ್ಲಿ ಕಾಲುವೆಗೆ ಬಿಡುತ್ತಾರೆ. ಕಾಯಿಯಿಂದ ತೊಂದರೆಯಿಲ್ಲ, ದೋಣಿಗೆ ಬಡಿದು ಪಕ್ಕಕ್ಕೆ ಸರಿಯುತ್ತದೆ. ನೀರಿನೊಳಗೆ ಕಾಣದೆ ಬಿದ್ದಿರುವ ಹಳೆ ಸೀರೆ, ಹಗ್ಗ, ಕಾರ್ಪೆಟ್ ತುಂಡು, ಹಾಸಿಗೆಯ ಸ್ಪ್ರಿಂಗು, ಇವು ಹಾಗಲ್ಲ. ಪ್ರೊಪೆಲರ್‌ಗೆ ಸಿಕ್ಕರೆ ದೋಣಿ ಅಲ್ಲೇ ನಿಂತಿತು.

ನಾನು ಇರುವುದು ನ್ಯಾರೋಬೋಟಿನಲ್ಲಿ. ಅಗಲ 6 ಅಡಿ 10 ಇಂಚು, ಉದ್ದ 57 ಅಡಿ. ಅದೇ ಮನೆ, ಅದೇ ಗಾಡಿ. ದೋಣಿ ಕಟ್ಟಲು ಒಂದೇ ಕಡೆ ಖಾಯಂ ಜಾಗ ಇಲ್ಲದ ನನ್ನಂಥವರು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಒಂದು ಜಾಗದಲ್ಲಿ 14 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಮಳೆಯೋ ಚಳಿಯೋ, ಎಂಜಿನ್ ಶುರು ಮಾಡಿ ಹೊರಡಲೇಬೇಕು. ಪ್ರೊಪೆಲರ್‌ಗೆ ಏನಾದರೂ ಸಿಕ್ಕುವುದೂ ತಪ್ಪಿದ್ದಲ್ಲ. ಅದನ್ನು ಬಿಡಿಸುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಬಿಡಿಸಿದ ಮೇಲೆ, ಕೈ ಹಾಕಲು ತೆಗೆದ ಮುಚ್ಚಳವನ್ನು ಮತ್ತೆ ಹಾಕುವುದರಲ್ಲಿ ತಪ್ಪುತ್ತಾರೆ. ದೋಣಿ ಮುಳುಗುವುದು ಅಲ್ಲಿ. ಈ ಲೇಖನ ಬರೆಯಲು ಕಾರಣ ಅದೇ.

ಸಿಕ್ಕಿಕೊಂಡಿದೆ ಎಂದು ತಿಳಿಯುವುದು

ಎಂಜಿನ್ ಸದ್ದು ಭಾರವಾಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಹೊಗೆ ಕಪ್ಪಾಗುತ್ತದೆ. ದೋಣಿ ತಿರುಗಿಸುವ ಟಿಲ್ಲರ್ ಕೈಯಲ್ಲಿ ನಡುಗುತ್ತದೆ. ಎಲೆಯೋ ಪ್ಲಾಸ್ಟಿಕ್ ಚೀಲವೋ ಆಗಿದ್ದರೆ ಒಂದು ಸಲ ಸ್ವಲ್ಪ ಹೊತ್ತು ರಿವರ್ಸ್ ಕೊಟ್ಟರೆ ಬಿಟ್ಟುಹೋಗುತ್ತದೆ. ಒಂದೇ ಸಲ. ಮತ್ತೆ ಮತ್ತೆ ಹಿಂದೆ ಮುಂದೆ ಎಳೆದಾಡುವುದು ಕೆಟ್ಟ ಚಾಳಿ. ಸೀರೆ, ಹಗ್ಗ ಇನ್ನೂ ಬಿಗಿಯಾಗುತ್ತವೆ. ನೈಲಾನ್ ಆದರೆ ತಿರುಗುವ ಬಿಸಿಗೆ ಕರಗಿ, ಪ್ರೊಪೆಲರ್ ತಿರುಗಿಸುವ ಕಂಬಿಯಾದ ಶಾಫ್ಟಿಗೆ ಗಟ್ಟಿ ಬಳೆಯ ಹಾಗೆ ಅಂಟಿಬಿಡುತ್ತದೆ.

ದಡಕ್ಕೆ ತನ್ನಿ. ಗೂಟ ಹೊಡೆದು ಎರಡೂ ತುದಿ ಕಟ್ಟಿ.

ಕೈ ಹಾಕುವ ಮೊದಲು

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿದೆ ಎಂದಷ್ಟೇ ನಂಬಿ ಕೈ ಹಾಕಬೇಡಿ. ಮನೆಯವರು ಯಾರೋ ಫೋನ್ ಚಾರ್ಜ್ ಆಗಲಿ ಎಂದು ಎಂಜಿನ್ ಶುರು ಮಾಡಬಹುದು. ಬಳೆ, ಉಂಗುರ, ವಾಚು ತೆಗೆದಿಡಿ.

ಮೊಣಕೈ ದಾಟುವ ದಪ್ಪ ರಬ್ಬರ್ ಗವಸು ಬೇಕು. ತೋಟದ ಕೆಲಸಕ್ಕೆ ಮಾರುವ ಅಗ್ಗದ ಬಟ್ಟೆ ಗವಸು ಸುಮ್ನೆ ದುಡ್ಡು ದಂಡ, ತಂತಿ ಚುಚ್ಚಿ ಒಳಗೆ ಬರುತ್ತದೆ. ಇಲಿಜ್ವರ ಮಲೆನಾಡಿನವರಿಗೆ ಗೊತ್ತಿರುವ ಕಾಯಿಲೆ. ಇಂಗ್ಲೆಂಡಿನ ಕಾಲುವೆ ನೀರಿನಿಂದಲೂ ಅದು ಬರುತ್ತದೆ, ಇಲ್ಲಿ ವೈಲ್ಸ್ ಡಿಸೀಸ್ ಎನ್ನುತ್ತಾರೆ. ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆಯಿರಿ. ಮುಂದಿನ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕಾಲುವೆ ನೀರು ಮುಟ್ಟಿದ್ದನ್ನು ವೈದ್ಯರಿಗೆ ಹೇಳಿ. ನೀವು ಹೇಳದೆ ಅವರಿಗೆ ಹೊಳೆಯಲಿಕ್ಕಿಲ್ಲ.

ಬಿಡಿಸುವುದು

ದೋಣಿಯ ಹಿಂಬದಿಯ ಹಲಗೆ ಎತ್ತಿದರೆ ಎಂಜಿನ್ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ. ಅದೇ ವೀಡ್ ಹ್ಯಾಚ್. ಪ್ರೊಪೆಲರ್ ಮೇಲೆ ನೇರವಾಗಿ ಇಳಿಯುವ ಬಾವಿ ಅಂತ ಅಂದುಕೊಳ್ಳಿ. ಬಾವಿಯ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆ. ಅದಕ್ಕೇ ದೋಣಿ ನಿಂತಿರುವಾಗ ಮುಚ್ಚಳ ತೆಗೆದರೂ ನೀರು ಒಳಗೆ ಬರುವುದಿಲ್ಲ.

ಕಂದು ನೀರಿನಲ್ಲಿ ಏನೂ ಕಾಣುವುದಿಲ್ಲ, ಕೈಯೇ ಕಣ್ಣು. ಪ್ರೊಪೆಲರಿನ ಒಂದೊಂದೇ ರೆಕ್ಕೆ ಮುಟ್ಟಿ ನೋಡಿ, ಆಮೇಲೆ ಶಾಫ್ಟ್. ಸೀರೆಯ ತುದಿ ಸಿಕ್ಕರೆ ನಿಮ್ಮ ಪುಣ್ಯ. ಗೇರ್ ನ್ಯೂಟ್ರಲ್‌ನಲ್ಲೇ ಇರಲಿ, ಪ್ರೊಪೆಲರನ್ನು ಕೈಯಿಂದ ಉಲ್ಟಾ ತಿರುಗಿಸುತ್ತಾ ಸುತ್ತು ಬಿಚ್ಚಿ. ತುದಿ ಸಿಗದಿದ್ದರೆ ಕತ್ತರಿಸಬೇಕು. ಬ್ರೆಡ್ ಕುಯ್ಯುವ ಹಲ್ಲಿನ ಚಾಕುವಿಗಿಂತ ಒಳ್ಳೆಯ ಆಯುಧ ನಾನು ಕಂಡಿಲ್ಲ. ಶಾಫ್ಟಿನ ಉದ್ದಕ್ಕೂ ಗರಗಸದಂತೆ ಎಳೆಯಿರಿ, ಎಲ್ಲ ಸುತ್ತೂ ಒಟ್ಟಿಗೆ ಬಿಡುತ್ತವೆ. ತಂತಿ, ಸ್ಪ್ರಿಂಗಿಗೆ ಗಟ್ಟಿ ಬಾಯಿಯ ಬೋಲ್ಟ್ ಕಟ್ಟರ್ ಬೇಕು. ಯಾವ ಆಯುಧವಾದರೂ ಹಿಡಿಗೆ ದಾರ ಕಟ್ಟಿ, ಇನ್ನೊಂದು ತುದಿ ದೋಣಿಗೆ ಕಟ್ಟಿ. ತಣ್ಣೀರಿನಲ್ಲಿ ಬೆರಳು ಮರಗಟ್ಟಿ ಹಿಡಿತ ತಪ್ಪುತ್ತದೆ.

ಹಗ್ಗ ತಾನೇ ಕತ್ತರಿಸಲಿ ಎಂದು ಶಾಫ್ಟಿಗೆ ಬ್ಲೇಡ್ ಹಾಕಿಸಿಕೊಳ್ಳುವವರಿದ್ದಾರೆ. ನಾನು ಹಾಕಿಸುವುದಿಲ್ಲ. ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಆಡಿಸುವವರು ಅಲ್ಲಿ ಬ್ಲೇಡ್ ಇಟ್ಟುಕೊಳ್ಳಬಾರದು.

ಮುಚ್ಚಳ

ಇಲ್ಲಿ ನಿಧಾನಿಸಿ. ಪ್ರೊಪೆಲರ್ ತಿರುಗಿದರೆ ನೀರು ಬಾವಿಯೊಳಗೆ ಮೇಲಕ್ಕೆ ಚಿಮ್ಮುತ್ತದೆ. ವೇಗ ಕೊಟ್ಟಾಗ ದೋಣಿಯ ಹಿಂಬದಿ ತಗ್ಗುತ್ತದೆ. ಮುಚ್ಚಳ ಸರಿಯಿಲ್ಲದಿದ್ದರೆ ನೀರು ಎಂಜಿನ್ ಗುಂಡಿಗೆ ಬೀಳುತ್ತದೆ. ಹಲಗೆ ಮುಚ್ಚಿರುವುದರಿಂದ ಮೇಲೆ ನಿಂತು ಟಿಲ್ಲರ್ ಹಿಡಿದವರಿಗೆ ಕಾಣುವುದಿಲ್ಲ. ನೀರು ತುಂಬಿದಷ್ಟೂ ಹಿಂಬದಿ ಇನ್ನೂ ತಗ್ಗುತ್ತದೆ. ಬಾವಿಯ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಯಿತೋ, ಆಮೇಲೆ ಎಂಜಿನ್ ನಿಲ್ಲಿಸಿದರೂ ನೀರು ನಿಲ್ಲುವುದಿಲ್ಲ. ನೀರು ಹೊರಹಾಕುವ ಬಿಲ್ಜ್ ಪಂಪಿಗೆ ಅಷ್ಟು ಶಕ್ತಿ ಇಲ್ಲ.

ಒಂದು ನವೆಂಬರ್ ಸಂಜೆ ನನ್ನ ಪಕ್ಕ ಕಟ್ಟಿದ್ದ ದೋಣಿಯವರು ಮಳೆಯಲ್ಲಿ ಹಗ್ಗ ಬಿಡಿಸಿದರು. ಕತ್ತಲಾಗುತ್ತಿತ್ತು. ಮುಚ್ಚಳ ಇಟ್ಟರು, ತಿರುಪು ಆಮೇಲೆ ಬಿಗಿದರಾಯಿತು ಅಂದುಕೊಂಡು ಹೊರಟೇಬಿಟ್ಟರು. ಅವರ ಕೂಗು ಕೇಳಿ ಓಡಿದಾಗ ಎಂಜಿನ್ ಅರ್ಧ ಮುಳುಗಿತ್ತು. ದಡದ ಹತ್ತಿರ ನೀರು ಆಳವಿರಲಿಲ್ಲ, ಹಿಂಬದಿ ಕೆಸರಿಗೆ ತಾಗಿ ನಿಂತಿತು. ಒಳಗೆ ಅವರ ಹಾಸಿಗೆ, ಪುಸ್ತಕ, ಮಗುವಿನ ಬಟ್ಟೆ ಇತ್ತು. ನನಗೆ ಅವತ್ತಿನಿಂದ ಮುಚ್ಚಳದ ಬಗ್ಗೆ ಹಟ.

ಹಾಗಾಗಿ ನಾನು ಮಾಡುವುದು ಹೀಗೆ. ಬಾವಿಯ ಅಂಚನ್ನು ಬಟ್ಟೆಯಿಂದ ಒರೆಸುತ್ತೇನೆ. ಒಂದು ಎಲೆಚೂರು ಸಿಕ್ಕಿಕೊಂಡರೂ ಸಂದು ಉಳಿಯುತ್ತದೆ. ಮುಚ್ಚಳದ ಕೆಳಗಿನ ರಬ್ಬರನ್ನು ಬೆರಳಿನಿಂದ ಸುತ್ತಲೂ ಒತ್ತಿ ನೋಡುತ್ತೇನೆ. ಕುಕ್ಕರ್ ಗ್ಯಾಸ್ಕೆಟ್ ನೋಡುವ ಹಾಗೆಯೇ. ಮೆತ್ತಗಿರಬೇಕು, ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಇದರ ಬದಲು ಸಿಲಿಕೋನ್ ಪೇಸ್ಟ್ ಮೆತ್ತಿ ಮುಗಿಸುವವರನ್ನು ನೋಡಿದ್ದೇನೆ. ಮುಂದಿನ ಸಲ ತೆಗೆಯುವಾಗ ಅದು ಕಿತ್ತು ಬರುತ್ತದೆ, ಆಮೇಲೆ ಯಾವ ಮುಚ್ಚಳವೂ ಸಮವಾಗಿ ಕೂರುವುದಿಲ್ಲ. ದಯವಿಟ್ಟು ಬೇಡ.

ಮುಚ್ಚಳ ಒಂದು ದಿಕ್ಕಿನಲ್ಲಿ ಮಾತ್ರ ಚೆನ್ನಾಗಿ ಕೂರುತ್ತದೆ. ಮುಚ್ಚಳಕ್ಕೂ ಅಂಚಿಗೂ ಸೇರುವ ಹಾಗೆ ಬಿಳಿ ಪೇಂಟಿನ ಗುರುತು ಹಾಕಿಡಿ. ಮೇಲಿನ ಅಡ್ಡಪಟ್ಟಿಯ ಎರಡೂ ತುದಿ ಕೊಂಡಿಯೊಳಗೆ ಸೇರಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಒಂದೇ ತುದಿ ಸೇರಿದ್ದರೂ ತಿರುಪು ಬಿಗಿಯಾದಂತೆ ಅನಿಸುತ್ತದೆ, ಮೋಸ ಹೋಗುವುದು ಇಲ್ಲೇ. ತಿರುಪು ಬಿಗಿದ ಮೇಲೆ ಮುಚ್ಚಳದ ನಾಲ್ಕೂ ಮೂಲೆ ಒತ್ತಿ, ಅಲ್ಲಾಡಬಾರದು. ಎಂಜಿನ್ ನಡುಕಕ್ಕೆ ತಿರುಪು ಸಡಿಲವಾಗದಂತೆ ಚೆಕ್ ನಟ್ ಇದ್ದರೆ ಅದನ್ನೂ ಬಿಗಿಯಿರಿ.

ಈಗ ಪರೀಕ್ಷೆ. ಹಲಗೆ ತೆರೆದೇ ಇರಲಿ. ಅಂಚಿನ ಸುತ್ತ ಒಣ ಟಿಶ್ಯೂ ಕಾಗದ ಇಡಿ. ಗೂಟಕ್ಕೆ ಕಟ್ಟಿದಂತೆಯೇ ಎಂಜಿನ್ ಶುರು ಮಾಡಿ ನಿಧಾನವಾಗಿ ಮುಂದೆ, ಆಮೇಲೆ ಹಿಂದೆ ಗೇರ್ ಹಾಕಿ. ಕಟ್ಟಿರುವಾಗ ಜೋರು ಕೊಡಬೇಡಿ, ದಡದ ಮಣ್ಣು ಕೊರೆದುಹೋಗುತ್ತದೆ. ಕಾಗದ ಒದ್ದೆಯಾಗದಿದ್ದರೆ ಹೊರಡಿ. ಐದು ನಿಮಿಷ ಎಂದಿನ ವೇಗದಲ್ಲಿ ಹೋದ ಮೇಲೆ ದಡಕ್ಕೆ ತಂದು ಇನ್ನೊಮ್ಮೆ ನೋಡಿ. ಈ ಎರಡನೇ ಸಲ ನೋಡುವುದನ್ನೇ ಜನ ಬಿಡುತ್ತಾರೆ.

ನೀರು ಕಂಡರೆ ಕೂಡಲೇ ಎಂಜಿನ್ ನಿಲ್ಲಿಸಿ. ಹಿಂಬದಿ ಮೇಲೇಳುತ್ತದೆ, ಚಿಮ್ಮುವುದು ನಿಲ್ಲುತ್ತದೆ. ಬಿಲ್ಜ್ ಪಂಪ್ ಹಾಕಿ, ಕೋಲಿನಿಂದ ತಳ್ಳಿ ಆಳ ಕಡಿಮೆ ಇರುವ ದಡಕ್ಕೆ ಸೇರಿಸಿ.

ಶಾಫ್ಟ್ ಕಡೆಗೂ ಒಂದು ಕಣ್ಣು

ಬಟ್ಟೆ ಸುತ್ತಿಕೊಂಡಾಗ ಶಾಫ್ಟ್ ಎಳೆದಾಡಿರುತ್ತದೆ. ಅದು ದೋಣಿಯಿಂದ ಹೊರಗೆ ಹೋಗುವ ಜಾಗದಲ್ಲಿ ಸ್ಟರ್ನ್ ಗ್ಲ್ಯಾಂಡ್ ಇದೆ, ಗ್ರೀಸು ಮೆತ್ತಿದ ಹಗ್ಗದ ಸುತ್ತುಗಳು ಅಲ್ಲಿ ನೀರು ತಡೆಯುತ್ತವೆ. ಓಡುವಾಗ ಆಗೊಂದು ಈಗೊಂದು ಹನಿ ಬಂದರೆ ಪರವಾಗಿಲ್ಲ. ಜಾಸ್ತಿ ಆದರೆ ಗ್ಲ್ಯಾಂಡಿನ ಎರಡೂ ನಟ್ ಸಮವಾಗಿ, ಸ್ವಲ್ಪವೇ ಬಿಗಿಯಿರಿ. ಆಮೇಲೆ ಸ್ವಲ್ಪ ದೂರ ಓಡಿಸಿ, ಎಂಜಿನ್ ನಿಲ್ಲಿಸಿ ಗ್ಲ್ಯಾಂಡ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಸಡಿಲಿಸಿ. ರಾತ್ರಿ ದೋಣಿ ಕಟ್ಟಿದ ಮೇಲೆ ಗ್ಲ್ಯಾಂಡಿಗೆ ಗ್ರೀಸು ಕೊಡುವ ಡಬ್ಬಿಯ ಹಿಡಿಯನ್ನು ಬಿಗಿ ಸಿಗುವವರೆಗೆ ತಿರುಗಿಸಿ.

ಬಿಡಿಸಿದ ಸೀರೆಯನ್ನು ಮತ್ತೆ ನೀರಿಗೆ ಎಸೆಯಬೇಡಿ. ಚೀಲಕ್ಕೆ ತುಂಬಿ ಮುಂದಿನ ಕಸದ ತೊಟ್ಟಿಗೆ ಹಾಕಿ. ಹಿಂದೆ ಬರುವ ದೋಣಿಯೂ ಯಾರದೋ ಮನೆ ಅಲ್ವಾ.