ಕೌಂಟರಿನ ಚೆನ್ನೆಮಣೆ: ಮುಲುಂಡಿನ ಪರ್ಮಿಟ್ ರೂಮಿನಲ್ಲಿ ನನ್ನ ಅನುಭವ

ನಮ್ಮದು ಪರ್ಮಿಟ್ ರೂಮ್, ಅಂದರೆ ಲೈಸೆನ್ಸ್ ಇರುವ ಬಾರ್. ಅದರ ಕೌಂಟರಿನ ಒಳಬದಿಯಲ್ಲಿ, ಐಸ್ ಪೆಟ್ಟಿಗೆಯ ಪಕ್ಕ, ಒಂದು ಚೆನ್ನೆಮಣೆ ಇದೆ, ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಕಾಳು ಹಾಕಿ ಆಡುವ ಗುಳಿಗಳ ಮಣೆ. ನನ್ನ ಅಜ್ಜಿಯದು. ಕಾರ್ಕಳದ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದುದನ್ನು ಬಸ್ಸಿನಲ್ಲಿ ಮುಂಬಯಿಗೆ ತಂದೆ. ಗಿರಾಕಿ ಎಷ್ಟು ಕುಡಿದ ಎಂದು ಕಾಳಿನಲ್ಲಿ ಎಣಿಸಿ, ಹೆಚ್ಚಾದರೆ ನಿಲ್ಲಿಸಲೆಂದು ಮೊದಲ ದಿನ ಅದನ್ನು ಅಲ್ಲಿ ಇಟ್ಟಾಗ, ಮೂವತ್ತು ವರ್ಷ ಪೆಗ್ ಅಳೆದ ನಮ್ಮ ಹಿರಿಯ ಬಾರ್‌ಮನ್, "ಆಟಿ ತಿಂಗಳು ಮುಗಿಯಿತಲ್ಲ ಮಾರಾಯ, ಈಗ ಯಾರ ಜೊತೆ ಆಡುತ್ತೀಯಾ?" ಎಂದು ನಕ್ಕರು. ಧಣಿಗಳು ನಗಲೂ ಇಲ್ಲ. "ಗಿರಾಕಿಗೆ ಸಾಕು ಎನ್ನುವುದಕ್ಕೆ ನಾನು ಲೈಸೆನ್ಸ್ ಫೀ ಕಟ್ಟುತ್ತಿದ್ದೇನೆಯೇ?" ಎಂದರು. ಅದಾಗಿ ಎರಡು ವರ್ಷ ದಾಟಿತು. ಈಗ ರಾತ್ರಿ ಧಣಿಗಳು ಬಂದರೆ ಗಲ್ಲಾ ನೋಡುವ ಮೊದಲು ಆ ಮಣೆಯನ್ನು ನೋಡುತ್ತಾರೆ.

ಅದಕ್ಕೆ ಮೊದಲು ಸೋತದ್ದೇ ಹೆಚ್ಚು. ಉಸಿರು ಊದುವ ಯಂತ್ರವೊಂದನ್ನು ಸುಮಾರು 2,500 ರೂಪಾಯಿ ಕೊಟ್ಟು ತಂದೆ. ಆಗಷ್ಟೇ ಗುಟುಕು ಹಾಕಿದವರು ಊದಿದರೆ ಬಾಯಲ್ಲಿರುವ ಮದ್ಯಕ್ಕೇ ಅಂಕಿ ಎಲ್ಲೆಲ್ಲಿಗೋ ಏರುತ್ತಿತ್ತು. ಮೇಲಾಗಿ ಊದಿ ಎಂದು ಹೇಳಿದರೆ ನಾಕಾಬಂದಿಯ ಪೊಲೀಸರನ್ನು ನೋಡಿದ ಹಾಗೆ ಗಿರಾಕಿ ನೋಡುತ್ತಿದ್ದ. ಹನ್ನೊಂದು ದಿನಕ್ಕೆ ಅದು ಡ್ರಾಯರು ಸೇರಿತು. ಗೋಡೆಗೆ ಬೋರ್ಡು ಹಾಕಿದೆ, ಒಬ್ಬರೂ ಓದಲಿಲ್ಲ. ವೇಟರುಗಳಿಗೆ ನೆನಪಿಟ್ಟು ಎಣಿಸಿ ಎಂದೆ. ಶನಿವಾರ ರಾತ್ರಿ ಆರು ಟೇಬಲ್ ಓಡುವ ಹುಡುಗನಿಗೆ ಮೂರನೆಯ ಟೇಬಲಿನ ಯಾರು ಎಷ್ಟು ಕುಡಿದರು ಎಂಬುದು ಹೇಗೆ ನೆನಪಿರಬೇಕು?

ನಿಜವಾದ ತಪ್ಪು ಎಣಿಕೆಗಿಂತ ಹಿಂದೆ, ಅಳತೆಯಲ್ಲೇ ಇತ್ತು. ನಮ್ಮ ಹುಡುಗರೆಲ್ಲ ಬಿಯರ್ ಕುಡಿಯುವವನನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ವಿಸ್ಕಿಯಲ್ಲಿ ಮದ್ಯಸಾರ ಶೇಕಡಾ 42.8, 30 ಮಿಲಿಯ ಸ್ಮಾಲ್ ಪೆಗ್‌ನಲ್ಲಿ ಹದಿಮೂರು ಮಿಲಿಗೆ ಒಂದಿಷ್ಟು ಕಡಿಮೆ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 52 ಮಿಲಿ. ಅಂದರೆ ಒಂದು ಬಾಟಲಿ ಸ್ಟ್ರಾಂಗ್ ಎಂದರೆ ನಾಲ್ಕು ಸ್ಮಾಲ್, ಎರಡು ಲಾರ್ಜ್! ಹಿರಿಯ ಬಾರ್‌ಮನ್ ಆ ಬಿಲ್ಲನ್ನು ಕೈಗೆ ತೆಗೆದುಕೊಂಡು, ಎರಡು ಸಲ ಗುಣಿಸಿ, ಏನೂ ಮಾತನಾಡದೆ ಜೇಬಿಗೆ ಹಾಕಿಕೊಂಡರು. ಅವರು ನನ್ನ ಕಡೆ ವಾಲಿದ್ದು ಆ ಹೊತ್ತಿನಲ್ಲಿ.

ಆಮೇಲೆ ಮಂಜೊಟ್ಟಿ ಬಂತು. ಕೆಂಪು ಕಾಳು, ಮಂದ ಬೆಳಕಿನಲ್ಲೂ ಕಾಣುತ್ತದೆ, ಒದ್ದೆ ಕೈಗೂ ಅಂಟುವುದಿಲ್ಲ. ಸ್ಮಾಲ್ ಪೆಗ್‌ಗೆ ಒಂದು ಕಾಳು, ಲಾರ್ಜ್‌ಗೆ ಎರಡು, ಮೈಲ್ಡ್ ಬಿಯರಿಗೆ ಮೂರು, ಸ್ಟ್ರಾಂಗಿಗೆ ನಾಲ್ಕು. ಗಂಟೆಗೊಮ್ಮೆ ಪ್ರತಿ ಗುಳಿಯಿಂದ ಒಂದು ಕಾಳು ಹೊರಗೆ, ಏಕೆಂದರೆ ದೇಹ ಗಂಟೆಗೆ ಹೆಚ್ಚೆಂದರೆ ಒಂದು ಸ್ಮಾಲ್ ಅರಗಿಸುತ್ತದೆ. ನಿಂಬೆ ನೀರು, ಕಪ್ಪು ಕಾಫಿ, ಮುಖಕ್ಕೆ ತಣ್ಣೀರು, ಇವು ಯಾವುದಕ್ಕೂ ಒಂದು ಕಾಳನ್ನೂ ತೆಗೆಯುವ ಶಕ್ತಿ ಇಲ್ಲ.

ಮೊದಲು ಟೇಬಲಿಗೊಂದು ಗುಳಿ ಎಂದು ಮಾಡಿದ್ದೆ. ಮಣೆಗೆ ಹದಿನಾಲ್ಕು ಗುಳಿ, ಕೆಳಗಿನ ಹಾಲಿನಲ್ಲಿ ಹದಿನಾಲ್ಕು ಟೇಬಲ್, ದೇವರೇ ಹೊಂದಿಸಿಕೊಟ್ಟ ಹಾಗಿತ್ತು. ತಿಂಗಳೊಳಗೆ ಮುರಿದುಬಿತ್ತು. ನಾಲ್ವರ ಟೇಬಲಿನಲ್ಲಿ ಮೂವರು ಒಂದೊಂದು ಹಾಕಿದರೆ ನಾಲ್ಕನೆಯವ ಐದು ಹಾಕಿರುತ್ತಿದ್ದ, ಗುಳಿ ಮಾತ್ರ ಸಮಾಧಾನವಾಗಿ ಕಾಣುತ್ತಿತ್ತು. ಈಗ ಗುಳಿ ಮನುಷ್ಯನದು. ಎರಡನೆಯ ಲಾರ್ಜ್ ಅಥವಾ ಮೊದಲ ಸ್ಟ್ರಾಂಗ್ ಬಂದವನಿಗೆ ಮಾತ್ರ ಒಂದು ಗುಳಿ. ಬಿಓಟಿಯಲ್ಲಿ, ಅಂದರೆ ವೇಟರ್ ಬಾರಿಗೆ ತರುವ ಆರ್ಡರ್ ಚೀಟಿಯಲ್ಲಿ, ಟೇಬಲ್ ಸಂಖ್ಯೆಯ ಜೊತೆ ಕುರ್ಚಿಯ ಸಂಖ್ಯೆಯೂ ಬರಬೇಕು. ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿ ಒಂದು, ಅಲ್ಲಿಂದ ಬಲಕ್ಕೆ. ಆರು ಕಾಳಿಗೆ ನೀರಿನ ಜಗ್ಗು ಮತ್ತು ಊಟದ ಮಾತು. ಎಂಟಕ್ಕೆ ನಿಲುಗಡೆ. ಸಣ್ಣ ಮೈಯವರಿಗೆ, ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಇನ್ನೂ ಮೊದಲೇ. ಮೊದಲೇ ಎಂದರೆ ಎಷ್ಟು ಎಂಬುದನ್ನು ನಾನು ನಡಿಗೆಯಲ್ಲಿ ನೋಡಿ ತೀರ್ಮಾನಿಸುತ್ತೇನೆ. ಮೂತ್ರಾಲಯಕ್ಕೆ ಹೋಗಿ ಬರುವಾಗ ಗಮನಿಸುವ ಒಂದು ಗುರುತು ಇದೆ. ಅದನ್ನು ನನ್ನ ಹುಡುಗರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ದೊಡ್ಡ ಸೋರಿಕೆ ಕ್ವಾರ್ಟರಿನದು. 180 ಮಿಲಿ ಟೇಬಲಿನ ಮೇಲೆ ಇಟ್ಟುಬಿಟ್ಟರೆ ಆರು ಕಾಳು ಒಮ್ಮೆಲೇ ಕೈತಪ್ಪಿತು. ಈಗ ಕ್ವಾರ್ಟರ್ ನಮ್ಮ ಸೈಡ್ ಸ್ಟೇಷನ್‌ನಲ್ಲೇ, ಅಂದರೆ ವೇಟರುಗಳ ಪಕ್ಕದ ಮೇಜಿನ ಮೇಲೆ, ಇರುತ್ತದೆ, ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ. ವೇಟರ್ ಹೋಗಿ ಸುರಿಯುತ್ತಾನೆ. ಮರ್ಯಾದೆ ಹೆಚ್ಚಾಯಿತೆಂದು ಗಿರಾಕಿಗೆ ಖುಷಿ, ನಮಗೆ ಲೆಕ್ಕ ಸಿಕ್ಕಿತು.

ಬೇಡ ಎನ್ನುವುದನ್ನು ಕಲಿಯಲು ದುಬಾರಿ ಬಿತ್ತು. ಹತ್ತು ವರ್ಷದ ಹಳೆಯ ಗಿರಾಕಿಯೊಬ್ಬರಿಗೆ ಗೆಳೆಯರ ಎದುರಿಗೇ, "ಸಾಹೇಬರೇ, ಇವತ್ತಿಗೆ ಸಾಕು" ಎಂದುಬಿಟ್ಟೆ. ಗ್ಲಾಸು ಗೋಡೆಗೆ ಬಡಿಯಿತು, 4,200 ರೂಪಾಯಿಯ ಬಿಲ್ಲು ಹಾಗೆಯೇ ಉಳಿಯಿತು, ಅವರು ಮತ್ತೆ ಬರಲಿಲ್ಲ. ಅವರ ಮುಖ ಇವತ್ತಿಗೂ ನೆನಪಿದೆ. ಅವರು ಕುಡಿದದ್ದಕ್ಕಿಂತ ನಾನು ಹೇಳಿದ ರೀತಿ ದೊಡ್ಡ ತಪ್ಪು. ಈಗ ಜೊತೆಯವರ ಮುಂದೆ ಆ ಮಾತೇ ಇಲ್ಲ. ಅಡುಗೆಮನೆ ಮುಚ್ಚುವ ಹೊತ್ತಾಯಿತು, ಊಟ ಏನು ಹೇಳಲಿ ಎಂದು ಕೇಳುತ್ತೇವೆ. ಒಪ್ಪದಿದ್ದರೆ ಬಿಲ್ಲಿನ ನೆಪದಲ್ಲಿ ಕೌಂಟರಿಗೆ ಕರೆಯುತ್ತೇವೆ. ಅಲ್ಲಿ ನಾನು ಹೇಳುವ ಒಂದು ವಾಕ್ಯವಿದೆ, ಹತ್ತರಲ್ಲಿ ಒಂಬತ್ತು ಮಂದಿ ಅದಕ್ಕೆ ತಣ್ಣಗಾಗುತ್ತಾರೆ. ಅದನ್ನು ನಾನು ಯಾರಿಗೂ ಕೊಡುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಮಾತ್ರ ನಯ ನಾಜೂಕು ಇಲ್ಲ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿ ರಮ್ಮಿಗೆ 25. ಕಾರ್ಡು ತೋರಿಸದ ಕಾಲೇಜು ಹುಡುಗರಿಗೆ ನಮ್ಮಲ್ಲಿ ಫ್ರೈಡ್ ರೈಸ್ ಮಾತ್ರ.

ಹಣದ ಲೆಕ್ಕಕ್ಕೆ ಬರೋಣ, ಧಣಿಗಳು ಕೇಳಿದ್ದೂ ಅದನ್ನೇ. ಮೊದಲ ಎರಡು ತಿಂಗಳು ಮದ್ಯದ ವ್ಯಾಪಾರ ಶೇಕಡಾ ಏಳೆಂಟು ಇಳಿಯಿತು. ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಟಿಪ್ಸ್ ಕಡಿಮೆಯಾಯಿತೆಂದು ಇಬ್ಬರು ಹುಡುಗರು ಬೇರೆ ಬಾರಿಗೆ ಹೊರಟು ನಿಂತರು. ಆಗ ಜಗಳವಿಲ್ಲದೆ ನಿಲ್ಲಿಸಿದ ಪ್ರತಿ ಗಿರಾಕಿಗೆ ನೂರು ರೂಪಾಯಿಯಂತೆ ವೇಟರಿಗೆ ಕೊಡಲು ಶುರು ಮಾಡಿದೆ, ಮೊದಲ ತಿಂಗಳು ನನ್ನ ಕೈಯಿಂದಲೇ. ಅತ್ತ ಒಡೆದ ಗ್ಲಾಸು, ಮುಳುಗಿದ ಬಿಲ್ಲು, ವಾಂತಿ ತೊಳೆದ ಕೂಲಿ ಸೇರಿ ತಿಂಗಳಿಗೆ ಸುಮಾರು ಹದಿನೆಂಟು ಸಾವಿರ ಹೋಗುತ್ತಿದ್ದುದು ಐದಾರು ಸಾವಿರಕ್ಕೆ ಬಂತು. ಊಟದ ಬಿಲ್ಲು ಏರಿತು. ಆರನೆಯ ತಿಂಗಳಿಗೆ ಗಲ್ಲಾ ಹಳೆಯ ಮಟ್ಟ ದಾಟಿತು. ಹೆಂಗಸರನ್ನು ಕರೆದುಕೊಂಡು ಬರುವ ಕುಟುಂಬಗಳು ಭಾನುವಾರ ಕಾಣಿಸತೊಡಗಿದವು.

ನಡುವೆ ಚಖ್ನಾದ, ಅಂದರೆ ಮದ್ಯದ ಜೊತೆ ನಂಜಿಕೊಳ್ಳುವ ತಿನಿಸಿನ, ಮೇಲೆ ಒಂದು ಪ್ರಯೋಗ ಮಾಡಿದೆ. ಪುಕ್ಕಟೆ ಕೊಡುವ ಉಪ್ಪು ಶೇಂಗಾ ಬಾಯಾರಿಕೆ ಹೆಚ್ಚಿಸುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಬದಲಿಗೆ ಬೇಯಿಸಿದ ಕಡಲೆ, ಅರ್ಧ ಮೊಟ್ಟೆ ಇಟ್ಟೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಖರ್ಚು ತಟ್ಟೆಗೆ ನಾಲ್ಕೈದು ರೂಪಾಯಿ ಹೆಚ್ಚು. ಕೋರಿ ರೊಟ್ಟಿಯ ಸಣ್ಣ ಪ್ಲೇಟನ್ನೂ ಇಟ್ಟು ನೋಡಿದೆ. ರೊಟ್ಟಿ ಬೇಗ ಮೆತ್ತಗಾಗಿ ಯಾರೂ ಮುಟ್ಟಲಿಲ್ಲ, ಬಿಟ್ಟೆ.

ಗಾಡಿಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. 70 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಗೆ ಒಂದೇ ಲಾರ್ಜ್ ಹಾಕಿದರೂ ಅದನ್ನು ದಾಟಬಹುದು. ನಮ್ಮ ಗಿರಾಕಿಗಳಲ್ಲಿ ಅರ್ಧ ಮಂದಿ ಚೆಕ್ ನಾಕಾ ದಾಟಿ ಪಕ್ಕದ ಥಾಣೆ ನಗರಕ್ಕೆ ಹೋಗುವವರು. ಆದ್ದರಿಂದ ಗುಳಿ ಸಿಕ್ಕಿದವರ ಕೀಲಿ ಕೇಳುತ್ತೇವೆ. ಕೊಟ್ಟರೆ ಚೀಟಿ ಬರೆದು, ಸ್ಕೂಟರನ್ನು ಹಿಂದಿನ ಅಂಗಳದಲ್ಲಿ ಬೀಗ ಹಾಕಿ, ನಮಗೆ ಗೊತ್ತಿರುವ ಮೂರು ರಿಕ್ಷಾದವರಲ್ಲಿ ಒಬ್ಬರನ್ನು ಕರೆಯುತ್ತೇವೆ. ಮೊದಲ ವರ್ಷ ವಾರಕ್ಕೆ ಒಂದೆರಡು ಕೀಲಿ ಸಿಕ್ಕರೆ ಹೆಚ್ಚು. ಕಳೆದ ಶನಿವಾರ ಒಂದೇ ರಾತ್ರಿ ಒಂಬತ್ತು.

ಅದೇ ರಾತ್ರಿ ಹಿರಿಯ ಬಾರ್‌ಮನ್ ಕಾಳುಗಳನ್ನು ತೊಳೆದು ಒರೆಸುತ್ತಾ, "ಮೇಲಿನ ಎಸಿ ಹಾಲಿಗೂ ಒಂದು ಮಣೆ ಬೇಕಲ್ಲ" ಎಂದರು. ಕಾರ್ಕಳದ ಬಡಗಿಗೆ ಫೋನು ಮಾಡಿದ್ದೇನೆ. ಹಲಸಿನ ಮರದ್ದಾದರೆ 1,800 ಕೇಳುತ್ತಿದ್ದಾನೆ. ಡಿಸೆಂಬರ್ 31ರ ಒಳಗೆ ಕೈ ಸೇರಬೇಕು ಎಂದು ಹೇಳಿದ್ದೇನೆ.