ಸಿಸ್ಟರ್ ಫೋನಲ್ಲಿ ಹೇಳುವ ಮೊದಲ ಮಾತು: ನನ್ನ ಅನುಭವ

"ಫಾರ್ಮಸಿಸ್ಟ್ ಬಂದು ಡಾಕ್ಟರಿಗೆ ಪಾಠ ಹೇಳ್ತಾನಂತೆ" ಎಂದು ನಕ್ಕವರೇ, ವೃದ್ಧಾಶ್ರಮಗಳಲ್ಲಿ ಬೇಡದ ಆಂಟಿಬಯೋಟಿಕ್ ತಡೆಯಲು ನಾನು ಮಾಡಿದ ಕಾರ್ಡ್ ಈಗ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರು ಸುತ್ತಮುತ್ತ ಮೂರು ವೃದ್ಧಾಶ್ರಮ. ಮೂತ್ರಕ್ಕೆ ವಾಸನೆ ಬಂತೆಂದರೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಲ್ಯಾಬ್ ಪರೀಕ್ಷೆ), ಕಲ್ಚರಲ್ಲಿ ಏನೋ ಬೆಳೆಯಿತೆಂದರೆ ಸಿಪ್ರೋ ಎಂಬ ಆಂಟಿಬಯೋಟಿಕ್. ಇದನ್ನು ನಿಲ್ಲಿಸಲು ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಹಾಲ್, ಬಾಡಿಗೆ ಪ್ರೊಜೆಕ್ಟರ್, ನಲವತ್ತು ಜನಕ್ಕೆ ಉಪ್ಪಿಟ್ಟು, ಕೇಸರಿಬಾತ್. ಕೈಯಿಂದ ಆರೇಳು ಸಾವಿರ ಹೋಯಿತು. ಆಶ್ರಮಗಳಲ್ಲಿರುವ ಹೆಂಗಸರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಯಾವ ತೊಂದರೆ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಅದಕ್ಕೆ ಆಂಟಿಬಯೋಟಿಕ್ ಬೇಡ ಎಂದು ಸ್ಲೈಡ್ ತೋರಿಸಿದೆ. ತಲೆಯಾಡಿಸಿದರು. ಮರುವಾರ ಮತ್ತದೇ ಸಿಪ್ರೋ.

ಆಮೇಲೆ ಒಂದು ವಾರ ಸಂಜೆ ಡ್ಯೂಟಿ ರೂಮಲ್ಲಿ ಸುಮ್ಮನೆ ಕೂತೆ. ಡಾಕ್ಟರ್ ಬರುವುದು ವಾರಕ್ಕೊಮ್ಮೆ, ಉಳಿದದ್ದೆಲ್ಲ ಫೋನಲ್ಲೇ.

"ಸಾರ್, ಆರನೇ ರೂಮ್ ಅಜ್ಜಿ ಯೂರಿನ್ ವಾಸನೆ, ಬಡಬಡಿಸ್ತಿದಾರೆ."

"ಕಲ್ಚರ್ ಕಳ್ಸಿ, ಸಿಪ್ರೋ ಶುರು ಮಾಡಿ ಸಿಸ್ಟರ್."

ಹದಿನೈದು ಸೆಕೆಂಡ್ ಆಗಿರಬಹುದು. ಕ್ಯಾಥೆಟರ್ (ಮೂತ್ರದ ನಳಿಕೆ) ಇಲ್ಲದ, ಜ್ವರವೂ ಇಲ್ಲದ ಆ ಅಜ್ಜಿಗೆ ಮೂರು ತಿಂಗಳಲ್ಲಿ ಅದು ಮೂರನೇ ಕೋರ್ಸ್. ಆಯಾನ ಕೇಳಿದರೆ, ಅಜ್ಜಿ ಕಕ್ಕಸಿಗೆ ಹೋಗಿ ನಾಲ್ಕು ದಿನ ಆಗಿತ್ತು! ಎನಿಮಾ ಕೊಟ್ಟ ಮಾರನೇ ಬೆಳಿಗ್ಗೆ ಅಜ್ಜಿ ಕಾಫಿಗೆ ಸಕ್ಕರೆ ಸಾಲದೆಂದು ಜಗಳಕ್ಕೆ ನಿಂತರು.

ಸಿಸ್ಟರ್ ಫೋನಲ್ಲಿ ಹೇಳುವ ಮೊದಲ ಮಾತಿನ ಮೇಲೇ ಎಲ್ಲ ನಿಂತಿದೆ ಎಂದು ಗೊತ್ತಾಯಿತು. ಡಾಕ್ಟರನ್ನು ಬಿಟ್ಟು ಸಿಸ್ಟರ್‌ಗಳನ್ನು ಹಿಡಿದೆ. ಆಶ್ರಮದಲ್ಲಿರುವವರಿಗೆ ಯಾವ ಲಕ್ಷಣಗಳಿದ್ದರೆ ಮಾತ್ರ ಆಂಟಿಬಯೋಟಿಕ್ ಶುರು ಮಾಡಬೇಕು ಎಂದು ಹೇಳುವ ಪಟ್ಟಿಯೊಂದಿದೆ, 2001ರ ಲೋಬ್ ಮಾನದಂಡ. ಅದನ್ನು ಅರ್ಧ ಹಾಳೆಗೆ ಇಳಿಸಿ ಲ್ಯಾಮಿನೇಟ್ ಮಾಡಿಸಿ ಫೋನ್ ಪಕ್ಕ ಅಂಟಿಸಿದೆ. ಮೂತ್ರ ಮಾಡುವಾಗಿನ ಉರಿ ಹೊಸದಾ? ಜ್ವರ ಎಷ್ಟು? ಮಲ ಹೋಗಿದ್ದು ಯಾವಾಗ, ನೀರು ಎಷ್ಟು ಕುಡಿದರು ಎಂಬೆರಡು ನಾನೇ ಸೇರಿಸಿದ್ದು. ಮೊದಲ ಕಾರ್ಡ್ ಇಂಗ್ಲಿಷಲ್ಲಿತ್ತು, ದಂಡ. ಎರಡನೆಯದರಲ್ಲಿ "ಮೂತ್ರಕೋಶದ ಮೇಲ್ಭಾಗದ ನೋವು" ಅಂತ ಬರೆದು ನಗೆಪಾಟಲಾದೆ. "ಕಿಬ್ಬೊಟ್ಟೆ ನೋವು" ಎಂದ ಮೇಲೆ ಸರಿಹೋಯಿತು. ಪಾಠವೂ ಅಷ್ಟೇ: ನೈಟ್ ಶಿಫ್ಟ್ ಶುರುವಾಗುವ ಮುಂಚೆ ಒಬ್ಬೊಬ್ಬರಿಗೇ ಹತ್ತು ನಿಮಿಷ. ಫೋನಲ್ಲೇ ಸಿಪ್ರೋ ಹೇಳುತ್ತಿದ್ದ ಆ ಹಠಮಾರಿ ಡಾಕ್ಟರ್ ಹೇಗೆ ಒಪ್ಪಿದರು ಎಂಬುದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಇನ್ನೊಂದು ಹುಚ್ಚು: ಹನ್ನೊಂದು ಗಂಟೆಗೆ ನೀರಿನ ಬದಲು ಇಂಗು, ಕೊತ್ತಂಬರಿ ಹಾಕಿದ ನೀರು ಮಜ್ಜಿಗೆ. ನೀರಿಗೆ ಮುಖ ತಿರುಗಿಸುತ್ತಿದ್ದವರು ಲೋಟ ಖಾಲಿ ಮಾಡಿದರು. ಮೊಸರಿನ ಖರ್ಚು ನೋಡಿ ಮ್ಯಾನೇಜರ್ ಎರಡೇ ವಾರಕ್ಕೆ ನಿಲ್ಲಿಸಿದರು.

ಮೊದಲೆರಡು ಆಶ್ರಮಗಳಲ್ಲಿ ತಿಂಗಳಿಗೆ ಹದಿನಾಲ್ಕು ಹದಿನೈದಿದ್ದ ಆಂಟಿಬಯೋಟಿಕ್ ಕೋರ್ಸ್ ಆರು ತಿಂಗಳಲ್ಲಿ ಐದಾರಕ್ಕೆ ಬಂತು. ಮೂರನೆಯದರಲ್ಲಿ ಸಿಸ್ಟರ್‌ಗಳು ನಿಲ್ಲುವುದೇ ಇಲ್ಲ. ಪ್ರತಿ ಸಲ ಮೊದಲಿಂದ ಶುರು, ಪೆಟ್ರೋಲ್ ಇನ್ನೂ ನನ್ನದೇ.